ಒಡೆಯದೆ ಕವಲೊಡೆಯುವ ಒಕ್ಕಲು: ಹಟರೈಟ್ ಕಾಲೊನಿಯ ಒಂದು ವರ್ಷ

ನೂರಿಪ್ಪತ್ತು ಜನ. ಒಂದೇ ಅಡುಗೆಮನೆ, ಒಂದೇ ಬ್ಯಾಂಕ್ ಖಾತೆ, ಕೆಲವು ಸಾವಿರ ಎಕರೆ ಹೊಲ. ಯಾರ ಹೆಸರಿನಲ್ಲೂ ಒಂದು ಗುಂಟೆ ನೆಲವಿಲ್ಲ, ಯಾರಿಗೂ ಸಂಬಳವಿಲ್ಲ. ಇಂಥದೊಂದು ಒಕ್ಕಲುತನ ತಲೆಮಾರಿನಿಂದ ತಲೆಮಾರಿಗೆ ನಡೆದುಕೊಂಡು ಬಂದಿದೆ ಎಂದರೆ ನಮ್ಮ ಹಳ್ಳಿಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಒಂದೇ: "ಇವರು ಹಿಸ್ಸೆ ಆಗೋದು ಯಾವಾಗ?"

ಈ ಪ್ರಶ್ನೆ ಸರಿಯಾದ ಪ್ರಶ್ನೆ. ಒಟ್ಟಿಗೆ ದುಡಿಯುವುದು ನಮಗೂ ಗೊತ್ತು. ಮುಯ್ಯಾಳು ಗೊತ್ತು, ಒಂದೇ ಒಲೆಯಲ್ಲಿ ಮೂವತ್ತು ಜನಕ್ಕೆ ರೊಟ್ಟಿ ಬೇಯುತ್ತಿದ್ದ ಮನೆಗಳೂ ಗೊತ್ತು. ನಮ್ಮನ್ನು ಸೋಲಿಸಿದ್ದು ಬೇರೆಯಾಗುವ ದಿನ. ಅವತ್ತು ಹೊಲ ಉದ್ದುದ್ದ ಸೀಳಾಯಿತು, ಬದು ಹೆಚ್ಚಾಯಿತು, ಬಾವಿಯ ನೀರಿಗೆ ವಾರದ ಸರದಿ ಬಂತು, ಅಣ್ಣತಮ್ಮಂದಿರು ಮಾತು ಬಿಟ್ಟರು. 2015-16ರ ಕೃಷಿಗಣತಿ ಹೊತ್ತಿಗೆ ಭಾರತದಲ್ಲಿ ಸರಾಸರಿ ಹಿಡುವಳಿ 1.08 ಹೆಕ್ಟೇರ್‌ಗೆ ಇಳಿದಿತ್ತು. ಆದ್ದರಿಂದಲೇ ಕೆನಡಾ ಮತ್ತು ಅಮೆರಿಕದ ಹುಲ್ಲುಬಯಲಿನಲ್ಲಿ ಬೇಸಾಯ ಮಾಡುವ ಹಟರೈಟ್ ಎಂಬ ಕ್ರೈಸ್ತ ಸಮುದಾಯದ ಕಡೆ ನಾವು ಗಮನ ಕೊಟ್ಟು ನೋಡಬೇಕು. ಅವರೂ ಬೇರೆಯಾಗುತ್ತಾರೆ. ಆದರೆ ಬೇರೆಯಾಗುವುದನ್ನೇ ಒಂದು ಬೆಳೆಯ ಹಾಗೆ ವರ್ಷಗಟ್ಟಲೆ ಮುಂಚೆ ಬಿತ್ತಿ, ಕಳೆ ತೆಗೆದು, ಹದ ನೋಡಿ ಕೊಯ್ಯುತ್ತಾರೆ. ಅದು ಹೇಗೆಂದು ತಿಳಿಯಬೇಕಾದರೆ ಅವರ ಒಂದು ವರ್ಷವನ್ನು ಚಳಿಯಿಂದ ಚಳಿಯವರೆಗೆ ನೋಡಬೇಕು.

ನೆಲಕ್ಕೆ ಹಾಸಿದ ಮೇಲಂಗಿ

ಕಥೆ ಶುರುವಾಗುವುದು 1528ರಲ್ಲಿ, ಈಗಿನ ಚೆಕ್ ದೇಶದ ಮೊರಾವಿಯಾದಲ್ಲಿ. ದೀಕ್ಷಾಸ್ನಾನವನ್ನು ತಿಳಿವಳಿಕೆ ಬಂದ ಮೇಲೆಯೇ ತೆಗೆದುಕೊಳ್ಳಬೇಕು, ಕ್ರಿಸ್ತನ ಹಿಂಬಾಲಕ ಕತ್ತಿ ಹಿಡಿಯಬಾರದು ಎಂದು ನಂಬಿದವರನ್ನು ಆಗಿನ ಯುರೋಪಿನ ಅರಸರೂ ಚರ್ಚುಗಳೂ ಬೇಟೆಯಾಡುತ್ತಿದ್ದ ಕಾಲ. ನಿಕೋಲ್ಸ್‌ಬುರ್ಗ್ ಊರನ್ನು ಬಿಟ್ಟು ಹೊರಟ ಸುಮಾರು ಇನ್ನೂರು ಜನರ ಒಂದು ಗುಂಪು ದಾರಿಯಲ್ಲಿ ಮೇಲಂಗಿಯೊಂದನ್ನು ನೆಲಕ್ಕೆ ಹಾಸಿತು. ಪ್ರತಿಯೊಬ್ಬರೂ ತಮ್ಮಲ್ಲಿದ್ದುದನ್ನೆಲ್ಲ ತಂದು ಅದರ ಮೇಲೆ ಹಾಕಿದರು. ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕ ಹೇಳುವಂತೆ ಮೊದಲ ಕ್ರೈಸ್ತರು ಎಲ್ಲವನ್ನೂ ಹುದುವಾಗಿ ಇಟ್ಟುಕೊಂಡಿದ್ದರು. ಇವರು ಅದನ್ನೇ ಬದುಕಿನ ಕಟ್ಟಳೆ ಮಾಡಿಕೊಂಡರು. ಕೆಲವೇ ವರ್ಷಗಳಲ್ಲಿ ಟಿರೋಲ್ ಸೀಮೆಯಿಂದ ಬಂದು ಇವರನ್ನು ಗಟ್ಟಿಯಾಗಿ ಸಂಘಟಿಸಿದವನು ಯಾಕೋಬ್ ಹುಟ್ಟರ್, ಟೋಪಿ ಹೊಲಿಯುವ ಕಸುಬಿನವನು. 1536ರಲ್ಲಿ ಅವನನ್ನು ಇನ್ಸ್‌ಬ್ರುಕ್‌ನಲ್ಲಿ ಸುಟ್ಟು ಕೊಂದರು. ಹೆಸರು ಉಳಿಯಿತು.

ಆಮೇಲಿನ ಮೂರೂವರೆ ಶತಮಾನ ವಲಸೆಯದು. ಮೊರಾವಿಯಾದಿಂದ ಹಂಗೇರಿಯ ಸೀಮೆ, ಟ್ರಾನ್ಸಿಲ್ವೇನಿಯಾ, 1770ರಲ್ಲಿ ರಷ್ಯಾ ಸಾಮ್ರಾಜ್ಯದ ಉಕ್ರೇನ್. ಅಲ್ಲಿ 1819ರಲ್ಲಿ ಹುದುವಾಳಿಕೆ ಕೈಬಿಟ್ಟುಹೋಯಿತು; 1859ರಲ್ಲಿ ಮಿಖಾಯೆಲ್ ವಾಲ್ಡ್‌ನರ್ ಎಂಬ ಕಮ್ಮಾರ ಅದನ್ನು ಮತ್ತೆ ಕಟ್ಟಿದ. ಸೈನ್ಯಸೇವೆ ಕಡ್ಡಾಯವಾಗುವ ಸೂಚನೆ ಬಂದಾಗ 1874ರಿಂದ ಅಮೆರಿಕದ ಡಕೋಟಾ ಬಯಲಿಗೆ ಹೊರಟರು. ಬಂದವರಲ್ಲಿ ಹುದುವಾಗಿ ಬಾಳಲು ಒಪ್ಪಿದವರು ನಾಲ್ಕು ನೂರು ಚಿಲ್ಲರೆ ಜನ. ಮಿಸ್ಸೌರಿ ನದಿಯ ದಂಡೆಯ ಬಾನ್ ಹೋಮ್ ಅವರ ಮೊದಲ ಕಾಲೊನಿ. ಇಂದಿನ ಮೂರು ಮುಖ್ಯ ಪಂಗಡಗಳ ಹೆಸರು ಆಗಿನ ಮುಂದಾಳುಗಳಿಂದ ಬಂದದ್ದು: ಕಮ್ಮಾರನ ಕಡೆಯವರು 'ಶ್ಮೀಡೆಲಾಯ್ಟ್', ಡೇರಿಯಸ್ ವಾಲ್ಟರನ ಕಡೆಯವರು 'ಡೇರಿಯಸ್‌ಲಾಯ್ಟ್', ಮೇಷ್ಟರ ಕಡೆಯವರು 'ಲೆಹ್ರರ್‌ಲಾಯ್ಟ್'.

ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಪ್ಪದ ಹಟರೈಟ್ ಯುವಕರನ್ನು ಆಲ್ಕಟ್ರಾಜ್ ಸೆರೆಮನೆಗೆ ಹಾಕಿದರು. ಅವರಲ್ಲಿ ಜೋಸೆಫ್ ಮತ್ತು ಮೈಕೆಲ್ ಹೋಫರ್ ಎಂಬ ಅಣ್ಣತಮ್ಮಂದಿರು 1918ರ ಕೊನೆಯಲ್ಲಿ ಸೈನಿಕ ಬಂದೀಖಾನೆಯಲ್ಲೇ ತೀರಿಕೊಂಡರು. ಹೆಚ್ಚಿನ ಕಾಲೊನಿಗಳು ಗಡಿ ದಾಟಿ ಕೆನಡಾಕ್ಕೆ ಹೋದವು. ಇಂದು ಆಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾ, ಮೊಂಟಾನಾ, ದಕ್ಷಿಣ ಡಕೋಟಾ ಮತ್ತು ಆಸುಪಾಸಿನ ಸೀಮೆಗಳಲ್ಲಿ 500ಕ್ಕೂ ಹೆಚ್ಚು ಕಾಲೊನಿಗಳಿವೆ. ಕುದುರೆಗಾಡಿಯ ಆಮಿಶ್ ಜನರ ಜೊತೆ ಇವರನ್ನು ಗೊಂದಲ ಮಾಡಿಕೊಳ್ಳಬಾರದು. ಆಮಿಶರಲ್ಲಿ ಹೊಲ ಆಯಾ ಮನೆಯದು, ಯಂತ್ರ ಕಡಿಮೆ. ಹಟರೈಟರಲ್ಲಿ ಹೊಲ ಎಲ್ಲರದು, ಯಂತ್ರ ಅತ್ಯಾಧುನಿಕ. ಉಪಗ್ರಹದ ದಾರಿ ಹಿಡಿದು ನಡೆಯುವ ಟ್ರ್ಯಾಕ್ಟರ್ ಇರುತ್ತದೆ. ಮನೆಯೊಳಗೆ ಟಿವಿ ಇಟ್ಟುಕೊಳ್ಳುವುದನ್ನು ಮಾತ್ರ ಸಂಪ್ರದಾಯ ಒಪ್ಪುವುದಿಲ್ಲ.

ಯಾರು ಏನು ನೋಡಿಕೊಳ್ಳುತ್ತಾರೆ

ಕಾಲೊನಿಯ ನಡುವೆ ಅಡುಗೆಮನೆ ಮತ್ತು ಊಟದ ಕೋಣೆ. ಅದರ ಸುತ್ತ ನಮ್ಮ ವಠಾರದಂಥ ಉದ್ದನೆಯ ಮನೆಗಳು, ಒಂದೊಂದರಲ್ಲಿ ಕೆಲವು ಸಂಸಾರ. ಹಳೆಯ ಪದ್ಧತಿಯ ಮನೆಗಳಲ್ಲಿ ಪೂರ್ತಿ ಅಡುಗೆಮನೆ ಇರುವುದಿಲ್ಲ. ಊಟ ಎಲ್ಲರಿಗೂ ಒಂದೇ ಕಡೆ. ಶಾಲೆ ಹತ್ತಿರದಲ್ಲೇ. ಕೊಟ್ಟಿಗೆ, ಕೋಳಿಮನೆ, ಹಂದಿಮನೆ, ಕಮ್ಮಾರಸಾಲೆ, ಕಾಳಿನ ಕಣಜ ಊರ ಅಂಚಿಗೆ.

ಜವಾಬ್ದಾರಿಗಳು ಹೀಗಿವೆ. ಬೋಧಕರು ಸಭೆಯ ಹಿರಿಯರು. ಅವರ ನಂತರ 'ಹೌಸ್‌ಹಾಲ್ಟರ್', ಎಂದರೆ ಮನೆವಾರ್ತೆ ನೋಡುವವನು: ದುಡ್ಡು, ಮಾರಾಟ, ಖರೀದಿ, ಬ್ಯಾಂಕು ಎಲ್ಲ ಅವನ ಕೈಯಲ್ಲಿ. ಮೂರನೆಯವನು ಹೊಲದ ಮೇಸ್ತ್ರಿ, 'ವೈನ್‌ಜೆಡ್ಲ್'. ದ್ರಾಕ್ಷಿತೋಟ ನೋಡಿಕೊಳ್ಳುವವನಿಗೆ ಮೊರಾವಿಯಾದ ಕಾಲದಲ್ಲಿದ್ದ ಹೆಸರು ಅದು. ದ್ರಾಕ್ಷಿ ಬೆಳೆಯದ ಕೊರೆಯುವ ಬಯಲಿಗೆ ಬಂದರೂ ಹೆಸರು ಹಾಗೇ ಬಂದಿದೆ. ಬೆಳಗಾದರೆ ಯಾರು ಯಾವ ಕೆಲಸಕ್ಕೆ ಎಂದು ಹೇಳುವವನು ಅವನೇ. ಇವರ ಕೆಳಗೆ ದನ, ಹಂದಿ, ಕೋಳಿ, ಯಂತ್ರ, ಮರಗೆಲಸಕ್ಕೆ ಒಬ್ಬೊಬ್ಬ ಮುಖ್ಯಸ್ಥ. ಹೆಂಗಸರ ಕಡೆ ಅಡುಗೆಯ ಮುಖ್ಯಸ್ಥೆ ಇರುತ್ತಾಳೆ. ಅಡುಗೆ, ರೊಟ್ಟಿ ಬೇಯಿಸುವುದು, ಪಾತ್ರೆ ಎಲ್ಲಕ್ಕೂ ವಾರದ ಪಾಳಿ. ವಯಸ್ಸಾದಂತೆ ಪಾಳಿಯಿಂದ ಬಿಡುಗಡೆ, ಬಾಣಂತಿಗೂ ಬಿಡುಗಡೆ.

ದೊಡ್ಡ ಹುದ್ದೆಗಳಿಗೆ ದೀಕ್ಷಾಸ್ನಾನ ಪಡೆದ ಗಂಡಸರು ಮತ ಹಾಕುತ್ತಾರೆ. ಬೋಧಕರ ಆಯ್ಕೆ ಮಾತ್ರ ಎರಡು ಹಂತದ್ದು. ಮೊದಲು ಮತ; ಸಾಕಷ್ಟು ಮತ ಬಿದ್ದ ಹೆಸರುಗಳನ್ನು ಚೀಟಿ ಬರೆದು, ಪ್ರಾರ್ಥನೆ ಮಾಡಿ, ಒಂದನ್ನು ಎತ್ತುತ್ತಾರೆ. ಯೋಗ್ಯರು ಯಾರೆಂದು ಜನ ಹೇಳಬಹುದು, ಅವರಲ್ಲಿ ಯಾರು ಎನ್ನುವುದು ದೇವರಿಗೆ ಬಿಟ್ಟದ್ದು ಎಂಬ ನಂಬಿಕೆ. ಈ ಚೀಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ದಿನದ ಲಯ ಗಂಟೆಯದು. ಊಟದ ಕೋಣೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ವಯಸ್ಸಿನ ಪ್ರಕಾರ ಸಾಲು. ಊಟಕ್ಕೆ ಮುಂಚೆ ಒಂದು ಪ್ರಾರ್ಥನೆ, ಮುಗಿದ ಮೇಲೆ ಒಂದು. ನಡುವೆ ಹರಟೆಯಿಲ್ಲ, ಕಾಲು ಗಂಟೆಯಲ್ಲಿ ಎಲೆ ಎತ್ತಿದ ಹಾಗೆ. ಮಕ್ಕಳಿಗೆ ಬೇರೆ ಕೋಣೆ, ನೋಡಿಕೊಳ್ಳಲು ಜರ್ಮನ್ ಮೇಷ್ಟರು. ಹದಿನೈದು ತುಂಬಿದವರಿಗೆ ದೊಡ್ಡವರ ಕೋಣೆಯಲ್ಲಿ ಕೊನೆಯ ಕುರ್ಚಿ ಸಿಗುತ್ತದೆ, ಜೊತೆಗೆ ದೊಡ್ಡವರ ಕೆಲಸ. ಸಂಜೆ ರಾತ್ರಿಯೂಟಕ್ಕೆ ಮುಂಚೆ ಅರ್ಧ ಗಂಟೆಯ ಪ್ರಾರ್ಥನಾಸಭೆ, 'ಗೆಬೆಟ್'. ಬೋಧಕರು ಓದುವುದು ತಮ್ಮ ಸ್ವಂತ ಮಾತನ್ನಲ್ಲ. 17ನೆಯ ಶತಮಾನದ ಪ್ರವಚನಗಳನ್ನು ಕೈಯಲ್ಲಿ ನಕಲು ಮಾಡಿಕೊಂಡು ಬಂದ ಪ್ರತಿಗಳನ್ನು. ಹಾಡುವಾಗ ಬೋಧಕರು ಒಂದು ಸಾಲು ಹೇಳಿಕೊಡುತ್ತಾರೆ, ಸಭೆ ಹಿಂದಿನಿಂದ ಎತ್ತಿಕೊಳ್ಳುತ್ತದೆ. ಮನೆಯಲ್ಲಿ ಹಟರಿಷ್ ಎಂಬ ಜರ್ಮನ್ ಆಡುನುಡಿ, ಪ್ರಾರ್ಥನೆಗೆ ಗ್ರಾಂಥಿಕ ಜರ್ಮನ್, ಶಾಲೆಗೆ ಇಂಗ್ಲಿಷ್. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿತು ಬೆಳೆದ ಮಂಗಳೂರಿನ ಕ್ರೈಸ್ತರಿಗೆ ಇದು ಅಚ್ಚರಿಯ ಸಂಗತಿ ಅಲ್ಲ.

ಚಳಿಗಾಲ: ಲೆಕ್ಕ ಮತ್ತು ರಿಪೇರಿ

ಜನವರಿಯ ಬಯಲಿನಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದುಂಟು. ನೆಲ ಕಲ್ಲಾಗಿರುತ್ತದೆ. ಹೊಲದಲ್ಲಿ ಮಾಡುವುದೇನೂ ಇಲ್ಲ, ಆದರೆ ಪ್ರಾಣಿಗಳಿಗೆ ರಜೆಯಿಲ್ಲ. ಹಾಲು ಕರೆಯಬೇಕು, ಮೊಟ್ಟೆ ಎತ್ತಬೇಕು, ಹಂದಿಮರಿಗಳನ್ನು ಬೆಚ್ಚಗಿಡಬೇಕು. ಬೇಸಾಯ ಅರ್ಧ ವರ್ಷ ನಿಲ್ಲುವ ಸೀಮೆಯಲ್ಲಿ ಕಾಲೊನಿಗಳು ಇಷ್ಟೊಂದು ಪಶುಸಾಕಣೆ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಬೆಳೆದ ಬಾರ್ಲಿ, ಗೋಧಿ ಅಲ್ಲೇ ಮೇವಾಗುತ್ತದೆ, ಗೊಬ್ಬರ ಹೊಲಕ್ಕೆ ಹೋಗುತ್ತದೆ, ಎಲ್ಲ ಕೈಗಳಿಗೂ ವರ್ಷವಿಡೀ ಕೆಲಸವಿರುತ್ತದೆ. ಮೊಂಟಾನಾ ರಾಜ್ಯದಲ್ಲಿ ಉತ್ಪಾದನೆಯಾಗುವ ಹಂದಿ ಮತ್ತು ಮೊಟ್ಟೆಗಳಲ್ಲಿ ಬಹುಪಾಲು ಹಟರೈಟ್ ಕಾಲೊನಿಗಳದೇ.

ಕಮ್ಮಾರಸಾಲೆಗೆ ಇದು ಸುಗ್ಗಿ. ಕಟಾವಿನ ಯಂತ್ರಗಳನ್ನು ಒಳಗೆ ತಂದು ಬಿಚ್ಚುತ್ತಾರೆ. ಬೇರಿಂಗ್, ಬೆಲ್ಟ್, ಸವೆದ ಹಲ್ಲು ಎಲ್ಲವನ್ನೂ ನೋಡುತ್ತಾರೆ. ಆಗಸ್ಟಿನಲ್ಲಿ ಒಂದು ಯಂತ್ರ ನಿಂತರೆ ದಿನವೇ ಹೋಗುತ್ತದೆ. ಜನವರಿಯಲ್ಲಿ ಅದು ಬರೀ ಒಂದು ಕೆಲಸ. ಹದಿನಾರು ಹದಿನೇಳರ ಹುಡುಗರು ಬೆಸುಗೆ, ವಿದ್ಯುತ್ತು, ಮರಗೆಲಸ ಕಲಿಯುವುದು ಈ ತಿಂಗಳುಗಳಲ್ಲೇ, ಹಿರಿಯರ ಪಕ್ಕದಲ್ಲಿ ನಿಂತು. ಹೆಂಗಸರು ಬಟ್ಟೆ ಹೊಲಿಯುತ್ತಾರೆ. ಬಟ್ಟೆ ಥಾನುಗಟ್ಟಲೆ ಬರುತ್ತದೆ. ವಯಸ್ಸಿಗೆ ಇಷ್ಟು, ಗಂಡಿಗೆ ಇಷ್ಟು, ಹೆಣ್ಣಿಗೆ ಇಷ್ಟು ಎಂದು ಅಳೆದು ಮನೆಮನೆಗೆ ಹಂಚುತ್ತಾರೆ.

ವರ್ಷದ ಲೆಕ್ಕವನ್ನು ಸಭೆಯ ಮುಂದಿಡುವ ರೂಢಿಯೂ ಇದೆ. ಹಾಲಿನಿಂದ ಎಷ್ಟು ಬಂತು, ಡೀಸೆಲ್ಲಿಗೆ ಎಷ್ಟು ಹೋಯಿತು, ಸಾಲ ಎಷ್ಟು ತೀರಿತು ಎಂದು ಹೌಸ್‌ಹಾಲ್ಟರ್ ಹೇಳಬೇಕು. ವೈಯಕ್ತಿಕ ವರಮಾನ ಯಾರಿಗೂ ಇಲ್ಲ. ಕೈಖರ್ಚಿಗೆ ಒಂದು ಸಣ್ಣ ಮೊತ್ತ ಸಿಗುತ್ತದೆ. ಊಟ, ಮನೆ, ಬಟ್ಟೆ, ಔಷಧ, ಮುಪ್ಪಿನ ಆರೈಕೆ ಎಲ್ಲ ಸಭೆಯ ಹೊಣೆ. ಲೆಕ್ಕ ಮುಚ್ಚಿಟ್ಟ ಮನೆಯಲ್ಲೇ ಹಿಸ್ಸೆಯ ಮಾತು ಮೊದಲು ಹುಟ್ಟುತ್ತದೆ ಎನ್ನುವುದು ನಮಗೆ ಚೆನ್ನಾಗಿ ಗೊತ್ತಿರುವ ಸತ್ಯ.

ವಸಂತ: ಕ್ಷಮೆ ಮೊದಲು, ಬಿತ್ತನೆ ಆಮೇಲೆ

ಹಿಮ ಕರಗುವ ಹೊತ್ತಿಗೆ ಈಸ್ಟರ್ ಬರುತ್ತದೆ. ದೀಕ್ಷಾಸ್ನಾನಕ್ಕೆ ಸಿದ್ಧರಾದ, ಸುಮಾರಾಗಿ ಇಪ್ಪತ್ತು ದಾಟಿದ ಯುವಕ ಯುವತಿಯರಿಗೆ ವಾರಗಟ್ಟಲೆ ಪಾಠ ನಡೆದು, ಸಾಮಾನ್ಯವಾಗಿ ಗರಿಗಳ ಭಾನುವಾರದ ಹೊತ್ತಿಗೆ ದೀಕ್ಷೆಯಾಗುತ್ತದೆ. ಕ್ರಿಸ್ಮಸ್, ಈಸ್ಟರ್, ಪೆಂತೆಕೊಸ್ತ್ ಒಂದೊಂದನ್ನೂ ಮೂರು ದಿನ ಆಚರಿಸುವುದು ಹಳೆಯ ಕಟ್ಟಳೆ. ಪ್ರಭುಭೋಜನ ವರ್ಷಕ್ಕೆ ಒಂದೇ ಸಲ, ಈಸ್ಟರ್ ಹೊತ್ತಿನಲ್ಲಿ. ಅದಕ್ಕೆ ಕೂರುವ ಮುನ್ನ ಯಾರ ಮೇಲೂ ಮುನಿಸು ಉಳಿದಿರಬಾರದು. ಜಗಳವಾಡಿದವರು ಹೋಗಿ ಮಾತಾಡಿ ರಾಜಿಯಾಗಬೇಕು.

ಇದರ ಸ್ಥಾನ ಎಷ್ಟು ಸರಿಯಾಗಿದೆ ನೋಡಿ. ಈಸ್ಟರ್ ಮುಗಿದ ಕೆಲವೇ ವಾರಗಳಲ್ಲಿ ಬಿತ್ತನೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ ಸಾವಿರಾರು ಎಕರೆಗೆ ಬೀಜ ಬೀಳಬೇಕು. ಆ ಬಯಲಿನಲ್ಲಿ ಹಿಮ ಬೀಳದ ದಿನಗಳು ವರ್ಷಕ್ಕೆ ಸುಮಾರು 100ರಿಂದ 120. ತಡವಾಗಿ ಬಿತ್ತಿದ ಪೈರು ಸೆಪ್ಟೆಂಬರಿನ ಹಿಮಕ್ಕೆ ಸಿಕ್ಕಿ ಹಾಳಾಗುತ್ತದೆ. ಚಳಿಗಾಲವಿಡೀ ಒಂದೇ ಆವರಣದಲ್ಲಿ ಕೂಡಿಹಾಕಿಕೊಂಡಿದ್ದ ಜನರಲ್ಲಿ ಸಣ್ಣಪುಟ್ಟ ಕಹಿ ಬೆಳೆದೇ ಇರುತ್ತದೆ. ಅದನ್ನು ತೊಳೆದುಕೊಂಡ ಮೇಲೆಯೇ ಇಬ್ಬರು ಒಂದು ಯಂತ್ರವನ್ನು ಹಗಲು ರಾತ್ರಿ ಸರದಿಯಲ್ಲಿ ಓಡಿಸಲು ಸಾಧ್ಯ.

ಬಿತ್ತುವ ಯಂತ್ರ ಎಂದರೆ ನಮ್ಮ ಕೂರಿಗೆಯ ದೊಡ್ಡಪ್ಪ: ಗಾಳಿಯ ಒತ್ತಡದಿಂದ ಬೀಜ, ಗೊಬ್ಬರ ಎರಡನ್ನೂ ಸಾಲುಗಳಿಗೆ ಒಮ್ಮೆಗೇ ಇಳಿಸುತ್ತದೆ. ಉಳುಮೆ ಕಡಿಮೆ. ಹಿಂದಿನ ಬೆಳೆಯ ಕೂಳೆಯನ್ನು ಹಾಗೇ ಬಿಟ್ಟು ಅದರ ನಡುವೆಯೇ ಬಿತ್ತಿದರೆ ಹಿಮ ಕರಗಿದ ತೇವ ಉಳಿಯುತ್ತದೆ, ಗಾಳಿಗೆ ಮಣ್ಣು ಹಾರುವುದಿಲ್ಲ. ಗೋಧಿ, ಬಾರ್ಲಿ, ಸಾಸಿವೆಯ ಬಳಗದ ಕನೋಲಾ ಎಣ್ಣೆಬೀಜ ಮುಖ್ಯ ಬೆಳೆಗಳು. ಪಶ್ಚಿಮದ ಒಣ ಸೀಮೆಗಳಲ್ಲಿ ಬಟಾಣಿ ಮತ್ತು ಮಸೂರ್ ಕೂಡ. ನಮಗೂ ಆ ಬಯಲಿಗೂ ಒಂದು ನಂಟು ಇಲ್ಲಿದೆ. ಭಾರತಕ್ಕೆ ಹೊರಗಿನಿಂದ ಬರುವ ಮಸೂರ್ ಬೇಳೆ ಮತ್ತು ಒಣ ಬಟಾಣಿಯಲ್ಲಿ ಕೆನಡಾದ್ದು ದೊಡ್ಡ ಪಾಲು, ಅದರಲ್ಲೂ ಸಸ್ಕಾಚೆವಾನ್ ಪ್ರಾಂತ್ಯದ್ದು. ನಮ್ಮ ಪೇಟೆಗಳಲ್ಲಿ ಸಂಜೆ ಮಸಾಲಪುರಿಗೆ ಬೇಯುವ ಬಟಾಣಿ ಅಂಥ ಬಯಲಿನದೇ ಇರಬಹುದು.

ಬೇಸಿಗೆ: ಮೇಷ್ಟರ ತೋಟ

ಹೊಲ ವೈನ್‌ಜೆಡ್ಲ್‌ನದಾದರೆ ಕೈತೋಟ ಜರ್ಮನ್ ಮೇಷ್ಟರದು. ಶಾಲೆಗೆ ರಜೆ ಬಂದ ಕೂಡಲೇ ಮಕ್ಕಳ ಸೈನ್ಯ ಅವರ ಹಿಂದೆ ತೋಟಕ್ಕಿಳಿಯುತ್ತದೆ. ಕೈತೋಟ ಎನ್ನುವುದು ಹೆಸರಿಗೆ ಮಾತ್ರ. ನೂರಕ್ಕೂ ಹೆಚ್ಚು ಜನಕ್ಕೆ ವರ್ಷದ ತರಕಾರಿ ಅಲ್ಲಿಂದಲೇ ಬರಬೇಕಾದ್ದರಿಂದ ಅದು ಎಕರೆಗಳಲ್ಲಿ ಅಳೆಯುವಂಥದ್ದು. ಆಲೂಗಡ್ಡೆ, ಈರುಳ್ಳಿ, ಗಜ್ಜರಿ, ಬೀಟ್‌ರೂಟ್, ಎಲೆಕೋಸು, ಸೌತೆ, ಬೀನ್ಸ್, ಜೋಳ. ಕಳೆ ಕೀಳುವುದು ಮಕ್ಕಳ ಕೆಲಸ. ಕೀಳುತ್ತಲೇ ಯಾವುದು ಸಸಿ, ಯಾವುದು ಕಳೆ ಎಂದು ಕಲಿಯುತ್ತಾರೆ, ಜರ್ಮನ್ ಹಾಡುಗಳನ್ನೂ ಕಲಿಯುತ್ತಾರೆ.

ತೋಟದಲ್ಲಿ ಮೊದಲು ತಲೆಯೆತ್ತುವುದು ರೂಬಾರ್ಬ್. ಕೆಸುವಿನಂಥ ಅಗಲ ಎಲೆ, ಕೆಂಪು ದಂಟು, ಹುಣಿಸೆಯಷ್ಟು ಹುಳಿ. ಎಲೆ ವಿಷ, ದಂಟು ಮಾತ್ರ ತಿನ್ನುವಂಥದ್ದು. ಹಿಮದಲ್ಲಿ ಗಡ್ಡೆ ಸಾಯುವುದಿಲ್ಲ. ಮಣ್ಣು ಸಡಿಲವಾದ ಕೂಡಲೇ ಚಿಗುರುತ್ತದೆ. ತಿಂಗಳುಗಟ್ಟಲೆ ಬಾಟಲಿಯ ಹಣ್ಣು ತಿಂದವರಿಗೆ ಅದೇ ವರ್ಷದ ಮೊದಲ ಹಸಿ ರುಚಿ. ಅದರಿಂದ ಸಿಹಿತಿಂಡಿ ಮಾಡುತ್ತಾರೆ, ವೈನ್ ಕೂಡ ಇಳಿಸುತ್ತಾರೆ. ಇವರ ಧರ್ಮದಲ್ಲಿ ಮಿತವಾದ ವೈನ್‌ಗೆ ನಿಷೇಧವಿಲ್ಲ.

ಜೂನಿನಲ್ಲಿ ಹದಿನಾರು ಗಂಟೆ ಬೆಳಕು. ಹುಲ್ಲು ಕೊಯ್ದು, ಒಣಗಿಸಿ, ಸುರುಳಿ ಕಟ್ಟಿ ಬಣವೆ ಹಾಕುವ ಕಾಲ. ಜುಲೈನಲ್ಲಿ ಸಸ್ಕಟೂನ್ ಎಂಬ ನೇರಳೆ ಬಣ್ಣದ ಕಾಡುಹಣ್ಣು ಬಿಡಿಸಲು ಹೆಂಗಸರು ಮಕ್ಕಳು ಬಕೆಟ್ ಹಿಡಿದು ಹೊರಡುತ್ತಾರೆ. ಆಮೇಲೆ ಅಡುಗೆಮನೆಯ ಬಿಡುವು ಮುಗಿಯಿತು. ಸೌತೆಗೆ ಉಪ್ಪುನೀರು, ಬೀನ್ಸ್ ಬಾಟಲಿಗೆ, ಜೋಳದ ತೆನೆಯಿಂದ ಕಾಳು ಬಿಡಿಸಿ ಫ್ರೀಜರಿಗೆ. ಒಂದು ದಿನ ಬೆಳಗ್ಗೆ ಗಂಟೆ ಬಾರಿಸಿದರೆ ಎಲ್ಲ ಹೆಂಗಸರೂ ಚಾಕು ಹಿಡಿದು ಬರುತ್ತಾರೆ, ಅಜ್ಜಿಯರೂ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹಪ್ಪಳ ಒತ್ತುವ ದಿನದ ನಮ್ಮ ಜಗಲಿಯನ್ನು ನೂರು ಪಾಲು ದೊಡ್ಡದು ಮಾಡಿ ನೋಡಿದರೆ ಹೇಗೋ ಹಾಗೆ.

ಸುಗ್ಗಿ: ಬಯಲಿಗೆ ಬರುವ ಬುತ್ತಿ

ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತು ಒಂದೇ: ತೇವಾಂಶ. ಕಾಳಿನಲ್ಲಿ ತೇವ ಹೆಚ್ಚಿದ್ದರೆ ಕಣಜದಲ್ಲಿ ಬಿಸಿಯೇರಿ ಹಾಳಾಗುತ್ತದೆ; ತೀರಾ ಒಣಗಲಿ ಎಂದು ಕಾದರೆ ಮಳೆಯೋ ಆಲಿಕಲ್ಲೋ ಹಿಮವೋ ಬರುತ್ತದೆ. ವೈನ್‌ಜೆಡ್ಲ್ ತೆನೆ ತಿಕ್ಕಿ, ಕಾಳು ಕಚ್ಚಿ, ಮೀಟರಿನಲ್ಲೂ ಅಳೆದು ನೋಡುತ್ತಾನೆ. ಹದ ಬಂತೆಂದರೆ ಹಲವು ಕಟಾವು ಯಂತ್ರಗಳು ಒಂದರ ಹಿಂದೊಂದು ಓರೆ ಸಾಲಿನಲ್ಲಿ ಹೊಲಕ್ಕಿಳಿಯುತ್ತವೆ. ನಿಲ್ಲದೆಯೇ ಪಕ್ಕದಲ್ಲಿ ಓಡುವ ಗಾಡಿಗೆ ಕಾಳು ಸುರಿಯುತ್ತವೆ. ಸಂಜೆಯ ಇಬ್ಬನಿ ಬೀಳುವವರೆಗೆ, ಕೆಲವೊಮ್ಮೆ ನಡುರಾತ್ರಿಯವರೆಗೆ ಕೆಲಸ.

ಊಟಕ್ಕೆ ಮನೆಗೆ ಬರುವಷ್ಟು ಹೊತ್ತಿಲ್ಲ. ಹೆಂಗಸರು ಬಿಸಿ ಊಟವನ್ನು ಗಾಡಿಯಲ್ಲಿ ಹೊಲಕ್ಕೆ ತರುತ್ತಾರೆ. ಸಂಜೆಯ ಗೆಬೆಟ್‌ನಲ್ಲಿ ಗಂಡಸರ ಸಾಲು ತೆಳ್ಳಗಾಗುತ್ತದೆ; ಅದಕ್ಕೆ ಯಾರೂ ಬೇಸರ ಮಾಡುವುದಿಲ್ಲ. ಆದರೆ ಭಾನುವಾರ ಸಾಮಾನ್ಯವಾಗಿ ಯಂತ್ರ ನಿಲ್ಲುತ್ತದೆ. ನಾಳೆ ಮಳೆ ಬರುವಂತಿದ್ದರೂ ನಿಲ್ಲಿಸಲು ಎಂಥ ಎದೆಗಾರಿಕೆ ಬೇಕೆಂದು ಸುಗ್ಗಿ ಮಾಡಿದ ಯಾರಿಗಾದರೂ ಗೊತ್ತು. ತಮ್ಮದು ಬೇಗ ಮುಗಿದರೆ ಬಂಧು ಕಾಲೊನಿಗೆ ಯಂತ್ರ, ಆಳು ಸಮೇತ ಹೋಗಿ ಕೈಜೋಡಿಸುತ್ತಾರೆ. ಅದು ನಮ್ಮ ಮುಯ್ಯಿಯೇ, ಡೀಸೆಲ್ ಹಾಕಿದ ಮುಯ್ಯಿ.

ಹೊಲದ ರಾಶಿಯ ಜೊತೆಗೇ ಆಲೂಗಡ್ಡೆ ಅಗೆಯುವುದು. ಯಂತ್ರ ಮಣ್ಣು ಮಗುಚಿ ಹೋಗುತ್ತದೆ, ಹಿಂದೆ ಊರಿಗೆ ಊರೇ ಆರಿಸುತ್ತದೆ. ನೆಲಮಾಳಿಗೆ ತುಂಬುತ್ತದೆ. ಎಲೆಕೋಸನ್ನು ಸಣ್ಣಗೆ ಹೆರೆದು ಉಪ್ಪು ಬೆರೆಸಿ ಹುಳಿಗಿಡುತ್ತಾರೆ.

ಹೇಮಂತ: ಹೆಬ್ಬಾತಿನ ತುಪ್ಪುಳು

ಹೊಲ ಬರಿದಾದ ಮೇಲೆ ಕೊಲ್ಲುವ ಕಾಲ ಬರುತ್ತದೆ. ಬೇಸಿಗೆಯಲ್ಲಿ ಕೊಬ್ಬಿದ ಬಾತುಕೋಳಿ, ಹೆಬ್ಬಾತುಗಳನ್ನು ಚಳಿಗೆ ಮುಂಚೆ ಕಡಿದು ಫ್ರೀಜರಿಗೆ ಸೇರಿಸುತ್ತಾರೆ. ಭಾನುವಾರದ ಊಟಕ್ಕೆ ಕೈಯಲ್ಲಿ ಮಾಡಿದ ಶ್ಯಾವಿಗೆಯ ಸಾರು, ಸುಟ್ಟ ಬಾತು ಪ್ರಸಿದ್ಧ. ಹಂದಿಯ ಕೊಬ್ಬು ಸೋಪಾಗುತ್ತದೆ. ಹೆಬ್ಬಾತಿನ ಎದೆಯ ನವಿರು ತುಪ್ಪುಳನ್ನು ಆರಿಸಿ ತೆಗೆದಿಡುತ್ತಾರೆ. ಅದು ದಿಂಬು, ದುಪ್ಪಟಿಯಾಗಿ ಮದುವೆಯಾಗುವ ಹುಡುಗಿಯ ಜೊತೆ ಹೋಗುತ್ತದೆ.

ಮದುವೆಗಳನ್ನು ಬಿತ್ತನೆ, ಕೊಯ್ಲಿನ ದಟ್ಟಣೆ ತಪ್ಪಿಸಿ ಇಟ್ಟುಕೊಳ್ಳುತ್ತಾರೆ. ದೀಕ್ಷಾಸ್ನಾನ ಆಗದವರಿಗೆ ಮದುವೆಯಿಲ್ಲ. ಹುಡುಗಿಯ ಕಾಲೊನಿಯಲ್ಲಿ 'ಹುಲ್ಬಾ' ಎಂಬ ನಿಶ್ಚಿತಾರ್ಥದ ಸಂಭ್ರಮ, ಮದುವೆ ಹುಡುಗನ ಕಾಲೊನಿಯಲ್ಲಿ. ಆಮೇಲೆ ಅವಳು ಅಲ್ಲಿಯವಳೇ. ಹುಟ್ಟಿದ ಕಾಲೊನಿ ತವರಾಗುತ್ತದೆ. ನಮ್ಮ ಹೆಣ್ಣುಮಕ್ಕಳ ಹಾಗೆ ಅವಳೂ ಬದುಕಿನಲ್ಲಿ ಒಮ್ಮೆ ಬೇರು ಸಮೇತ ಕಿತ್ತು ನೆಡಲ್ಪಟ್ಟವಳು. ಸಭೆಯಲ್ಲಿ ಅವಳಿಗೆ ಮತವಿಲ್ಲ. ಅಡುಗೆಮನೆ, ತೋಟ, ಮಕ್ಕಳ ವಿಷಯದಲ್ಲಿ ಅವಳ ಮಾತು ನಡೆಯುತ್ತದೆ, ಗಂಡನ ಮೂಲಕ ಸಭೆಗೂ ಮುಟ್ಟುತ್ತದೆ. ಆದರೂ ಮತವಿಲ್ಲ ಎನ್ನುವುದು ಮತವಿಲ್ಲ ಎನ್ನುವುದೇ. ಎಲ್ಲವೂ ಎಲ್ಲರದು ಎನ್ನುವ ಮನೆಯಲ್ಲಿ ಇದೊಂದು ದೊಡ್ಡ ಕೊರತೆ ಎಂದೇ ನನ್ನ ಅನಿಸಿಕೆ.

ಕವಲು: ಚೀಟಿ ಎತ್ತುವ ರಾತ್ರಿ

ಈಗ ಹಿರಿಯರ ಪ್ರಶ್ನೆಗೆ ಬರೋಣ. ಕಾಲೊನಿಯ ಜನಸಂಖ್ಯೆ 120, 150ರ ಹತ್ತಿರ ಬಂದಾಗ ಅದು ಎರಡಾಗಬೇಕು. ಅನ್ನ ಸಾಲದು ಎಂದಲ್ಲ, ಕೆಲಸ ಸಾಲದು ಎಂದು. ದನಕ್ಕೆ ಒಬ್ಬನೇ ಮುಖ್ಯಸ್ಥ, ಕೋಳಿಗೆ ಒಬ್ಬನೇ. ಮೂವತ್ತರ ಗಂಡಸಿಗೆ ತನ್ನದೆನ್ನುವ ಜವಾಬ್ದಾರಿ ಇಲ್ಲದೆ ಹೋದರೆ ಅಸಮಾಧಾನ ಹುಟ್ಟುತ್ತದೆ, ಗುಂಪುಗಾರಿಕೆ ಬೆಳೆಯುತ್ತದೆ. ಜಗಳ ಬಂದ ಮೇಲೆ ಬೇರೆಯಾದರೆ ಜಗಳವೂ ಪಾಲಾಗಿ ಎರಡೂ ಮನೆಗೆ ಹೋಗುತ್ತದೆ. ಆದ್ದರಿಂದ ಜಗಳ ಬರುವ ಮೊದಲೇ ಬೇರೆಯಾಗಬೇಕು. 1950ರ ದಶಕದಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ ಒಂದು ಸಂಸಾರಕ್ಕೆ ಸರಾಸರಿ ಹತ್ತು ಮಕ್ಕಳಿದ್ದರು. ಹದಿನೈದು ವರ್ಷಕ್ಕೊಮ್ಮೆ ಕವಲೊಡೆಯಬೇಕಾಗುತ್ತಿತ್ತು. ಈಗ ಮಕ್ಕಳು ಕಡಿಮೆ, ಅಂತರ ಹೆಚ್ಚು.

ಸಿದ್ಧತೆ ವರ್ಷಗಳದು. ಪ್ರತಿ ಸುಗ್ಗಿಯ ಉಳಿತಾಯದಿಂದ ಒಂದು ಪಾಲು ಹೊಸ ನೆಲಕ್ಕೆ ಹೋಗುತ್ತದೆ. ನೆಲ ಸಿಕ್ಕ ಮೇಲೆ ಮಗಳು ಕಾಲೊನಿಯ ಕಟ್ಟಡಗಳನ್ನು ತಾಯಿ ಕಾಲೊನಿಯ ಗಂಡಸರೇ ಕಟ್ಟುತ್ತಾರೆ: ಅಡುಗೆಮನೆ, ವಠಾರ, ಕೊಟ್ಟಿಗೆ, ಕಣಜ. ಆಮೇಲೆ ಜನರನ್ನು ಎರಡು ಪಟ್ಟಿಯಾಗಿ ಮಾಡುತ್ತಾರೆ. ಎರಡರಲ್ಲೂ ಒಬ್ಬೊಬ್ಬ ಬೋಧಕ, ಎರಡರಲ್ಲೂ ಹೊಲ ಬಲ್ಲವರು, ಯಂತ್ರ ಬಲ್ಲವರು, ಮುದುಕರು, ಮಕ್ಕಳು ಸಮನಾಗಿ ಬರುವಂತೆ, ಸಂಸಾರ ಒಡೆಯದಂತೆ. ಆಸ್ತಿಯೂ ಎರಡು, ಸಾಲವೂ ಎರಡು.

ಕಟ್ಟುನಿಟ್ಟಿನ ಕಾಲೊನಿಗಳಲ್ಲಿ ಯಾವ ಪಟ್ಟಿ ಹೋಗಬೇಕು, ಯಾವುದು ಉಳಿಯಬೇಕು ಎಂದು ಕೊನೆಯ ಗಳಿಗೆಯವರೆಗೂ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಎಲ್ಲರೂ ಗಂಟುಮೂಟೆ ಕಟ್ಟುತ್ತಾರೆ. ಪ್ರಾರ್ಥನೆಯಾದ ಮೇಲೆ ಚೀಟಿ ಎತ್ತುತ್ತಾರೆ. ಹೆಸರು ಬಂದವರು ಹೊರಡುತ್ತಾರೆ, ಉಳಿದವರು ಕಟ್ಟಿದ ಗಂಟನ್ನು ಬಿಚ್ಚುತ್ತಾರೆ. ಬೇರೆ ಪಂಗಡಗಳಲ್ಲಿ ಸಂಸಾರಗಳು ತಾವೇ ಹೆಸರು ಬರೆಸುವುದೂ ಉಂಟು. ಹೇಗಿದ್ದರೂ ಒಳಗಿರುವ ಯುಕ್ತಿ ಒಂದೇ. ಹೊಸ ಊರಿನ ಮನೆ ಕಟ್ಟುವವನಿಗೆ ಅದರಲ್ಲಿ ತಾನಿರುತ್ತೇನೋ ಇಲ್ಲವೋ ಗೊತ್ತಿಲ್ಲ. ಆದ್ದರಿಂದ ಗೋಡೆ ಗಟ್ಟಿಯಾಗಿಯೇ ಕಟ್ಟುತ್ತಾನೆ. ಪಟ್ಟಿ ಮಾಡುವವನಿಗೆ ತನ್ನ ಪಟ್ಟಿ ಯಾವ ಕಡೆಗೆಂದು ಗೊತ್ತಿಲ್ಲ. ಆದ್ದರಿಂದ ಒಳ್ಳೆಯ ಹಸುಗಳನ್ನು ಒಂದೇ ಕಡೆ ಸೇರಿಸುವುದಿಲ್ಲ. ಹಿರಿಯವನು ಪಾಲು ಮಾಡಲಿ, ಕಿರಿಯವನು ಮೊದಲು ಆರಿಸಿಕೊಳ್ಳಲಿ ಎಂದು ನಮ್ಮಲ್ಲೂ ಕೆಲವೆಡೆ ಹೇಳುವುದು ಇದೇ ತಿಳಿವಳಿಕೆಯಿಂದ.

ನೆರೆಯವರ ಜೊತೆ ಈ ಬೆಳವಣಿಗೆ ಸುಗಮವಾಗೇನೂ ಇರಲಿಲ್ಲ. ನೆಲವನ್ನೆಲ್ಲ ಇವರೇ ಕೊಳ್ಳುತ್ತಾರೆಂಬ ಸಿಟ್ಟಿನಲ್ಲಿ ಆಲ್ಬರ್ಟಾ ಪ್ರಾಂತ್ಯ 1942ರಲ್ಲಿ ಇವರಿಗೆ ಭೂಮಿ ಮಾರುವುದನ್ನೇ ನಿಷೇಧಿಸಿತು. 1947ರ ಕಾಯಿದೆ ಹೊಸ ಕಾಲೊನಿಗೆ 6,400 ಎಕರೆಯ ಮಿತಿ ಹಾಕಿ, ಇರುವ ಕಾಲೊನಿಯಿಂದ 40 ಮೈಲಿ ದೂರವಿರಬೇಕೆಂದಿತು. ಅದು ರದ್ದಾದದ್ದು 1973ರಲ್ಲಿ.

ಒಬ್ಬರೇ ಹೊರಡುವವರ ಪಾಲು

ಒಟ್ಟಾಗಿ ಕವಲೊಡೆದರೆ ಅರ್ಧ ಆಸ್ತಿ; ಒಬ್ಬರೇ ಬಿಟ್ಟುಹೋದರೆ ಏನೂ ಇಲ್ಲ. ಮ್ಯಾನಿಟೋಬಾದ ಇಂಟರ್‌ಲೇಕ್ ಕಾಲೊನಿಯಲ್ಲಿ ಬೇರೆ ಪಂಥಕ್ಕೆ ಸೇರಿದ್ದಕ್ಕಾಗಿ ಹೊರಹಾಕಲ್ಪಟ್ಟವರು ತಮ್ಮ ಪಾಲು ಕೇಳಿ ನ್ಯಾಯಾಲಯಕ್ಕೆ ಹೋದರು. 1970ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವರಿಗೆ ಪಾಲಿಲ್ಲ ಎಂದಿತು. ಸಭೆಯ ಆಸ್ತಿ ಯಾರೊಬ್ಬರದೂ ಅಲ್ಲವಾದ್ದರಿಂದ ಯಾರೊಬ್ಬರೂ ಅದರಲ್ಲಿ ತುಂಡು ಕೇಳುವಂತಿಲ್ಲ. ಕಟ್ಟಳೆಯ ತರ್ಕ ಸರಿ. ಆದರೆ ಇಪ್ಪತ್ತು ವರ್ಷ ದುಡಿದವನು ಬರಿಗೈಯಲ್ಲಿ ಹೈವೇಗೆ ಬಂದು ನಿಲ್ಲುವುದೂ ಅಷ್ಟೇ ನಿಜ. ಹೊರಗೆ ಹೋದ ಕೆಲವು ಹುಡುಗರು ಒಂದೆರಡು ವರ್ಷ ದುಡಿದು ಮರಳಿ ಬರುತ್ತಾರೆ, ಕೆಲವರು ಬರುವುದಿಲ್ಲ. ಹೊಲ ಒಡೆಯದೆ ಉಳಿದದ್ದಕ್ಕೆ ಇದೂ ಒಂದು ಬೆಲೆ, ಅದನ್ನು ತೆತ್ತವರು ಇವರು.

ನಾವೆಲ್ಲ ಹಟರೈಟರಂತೆ ಬಾಳಬೇಕೆಂದು ನಾನು ಹೇಳುವುದಿಲ್ಲ, ಅದು ಸಾಧ್ಯವೂ ಅಲ್ಲ. ಆದರೆ ಅಣ್ಣತಮ್ಮಂದಿರು ಕೂಡಿ ಬೇಸಾಯ ಮಾಡುತ್ತಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ರೈತರ ಉತ್ಪಾದಕ ಕಂಪನಿಗಳೂ ಹುಟ್ಟುತ್ತಿವೆ. ಅವರು ಇಲ್ಲಿಂದ ನಾಲ್ಕು ಸಂಗತಿ ತೆಗೆದುಕೊಳ್ಳಬಹುದು. ವರ್ಷಕ್ಕೊಮ್ಮೆ ಲೆಕ್ಕ ಎಲ್ಲರ ಮುಂದೆ ಬಿಚ್ಚಿಡುವುದು. ಬಿತ್ತನೆಗೆ ಮುಂಚೆ ಮುನಿಸು ಮುಗಿಸುವುದು. ಬೆಳೆದ ಪ್ರತಿ ಮಗನಿಗೂ, ಮಗಳಿಗೂ, ಸೊಸೆಗೂ ತನ್ನದೆನ್ನುವ ಒಂದು ಜವಾಬ್ದಾರಿ ಕೊಡುವುದು. ಬೇರೆಯಾಗುವ ಮಾತನ್ನು ಎಲ್ಲರೂ ಚೆನ್ನಾಗಿರುವಾಗಲೇ ಆಡುವುದು.

ಮೇಷ್ಟರ ತೋಟದ ರೂಬಾರ್ಬ್ ಬಗ್ಗೆ ಒಂದು ಮಾತು ಉಳಿದಿದೆ. ಅದನ್ನು ವರ್ಷಾನುಗಟ್ಟಲೆ ಹಾಗೇ ಬಿಟ್ಟರೆ ಬುಡ ಕಿಕ್ಕಿರಿದು ದಂಟು ಸಣಕಲಾಗುತ್ತದೆ. ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ಮಣ್ಣು ಇನ್ನೂ ತಣ್ಣಗಿರುವಾಗ, ಚಿಗುರುವ ಮೊದಲೇ ಗಡ್ಡೆಯನ್ನು ಅಗೆದು ಸಲಿಕೆಯಿಂದ ಎರಡು ಮಾಡುತ್ತಾರೆ. ಪ್ರತಿ ತುಂಡಿನಲ್ಲೂ ಒಂದು ಕಣ್ಣು ಇರುವಂತೆ, ಸಾಕಷ್ಟು ಬೇರು ಇರುವಂತೆ ನೋಡಿಕೊಳ್ಳುತ್ತಾರೆ. ನೆಟ್ಟ ಮೊದಲ ವರ್ಷ ದಂಟು ಮುರಿಯುವುದಿಲ್ಲ, ಬೇರು ಹಿಡಿಯಲಿ ಎಂದು ಬಿಡುತ್ತಾರೆ. ಆಮೇಲಿನ ವಸಂತದಿಂದ ಎರಡು ಕಡೆಯೂ ಅದೇ ಹುಳಿ, ಅದೇ ಕೆಂಪು.